ಕಂಪನಿ ಜಪಾನಿನದು, ತಯಾರಿ ಥೈಲ್ಯಾಂಡಿನಲ್ಲಿ: ಈ ಹೊಲಿಗೆ ಯಂತ್ರ ಕೊಳ್ಳಬಹುದೇ?

ಪ್ರಶ್ನೆ (ಕಟಪಾಡಿಯಿಂದ):
ಮನೆಯಲ್ಲೇ ರವಿಕೆ, ಶಾಲಾ ಸಮವಸ್ತ್ರ ಹೊಲಿಯುತ್ತೇನೆ. ಇಷ್ಟು ವರ್ಷ ಅಜ್ಜಿಯ ಕಪ್ಪು ಸಿಂಗರ್ ತುಳಿದೆ. ಈಗ ಝಿಗ್‌ಜಾಗ್, ಕಾಜಾ ಬರುವ ವಿದ್ಯುತ್ ಯಂತ್ರ ಬೇಕು. ಉಡುಪಿಯಲ್ಲಿ ಜಪಾನಿನ ಕಂಪನಿಯದ್ದೆಂದು ತೋರಿಸಿದ ಯಂತ್ರದ ಬೆನ್ನಿನಲ್ಲಿ ಥೈಲ್ಯಾಂಡ್ ಎಂದು ಬರೆದಿದೆ. ಭಾವ ದುಬೈಯಿಂದ ‘ಅಸಲಿ’ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ಕಾಯಲೇ?

ಉತ್ತರ (ಮಂಗಳೂರು, ಬಂದರು ಪ್ರದೇಶದಿಂದ):
31 ವರ್ಷದಿಂದ ಹೊಲಿಗೆಯೇ ನನ್ನ ಅನ್ನ. ನನ್ನಲ್ಲಿ ಮೂರು ಯಂತ್ರಗಳಿವೆ: ಒಂದು ಸ್ಕಾಟ್ಲೆಂಡಿನದು, ಒಂದು ಲುಧಿಯಾನದ್ದು, ಒಂದು ತೈವಾನಿನದು. ಮೂರನ್ನೂ ಬಿಚ್ಚಿ ಜೋಡಿಸಿದ್ದೇನೆ.

ಮೊದಲು ಅಜ್ಜಿಯ ಯಂತ್ರದ ನಂಬರ್ ನೋಡಿ. ವೈ ಅಥವಾ ಇಎ ಅಕ್ಷರದಿಂದ ಶುರುವಾದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಹುಟ್ಟಿದ್ದು. 1885ರಲ್ಲಿ ತೆರೆದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ನನ್ನದು ಸಿಂಗರ್‌ನ 15ಕೆ ಮಾದರಿ, ಅದೂ ಅಲ್ಲಿಯದೇ. ಅದು ಇಂದಿಗೂ ಓಡುತ್ತಿರುವುದಕ್ಕೆ ಕಾರಣ ಎರಕದ ಕಬ್ಬಿಣದ ಮೈ, ಒಳಗಿನ ಉಕ್ಕಿನ ಭಾಗಗಳು, ಸ್ಕಾಟ್ಲೆಂಡಿನ ನೀರಲ್ಲ.

ಜಪಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಎರಡನೇ ಮಹಾಯುದ್ಧದ ನಂತರ ಅವರು ಇದೇ 15ರ ಮಾದರಿಯನ್ನು ಅನುಸರಿಸಿ ಹತ್ತಾರು ಹೆಸರಿನಲ್ಲಿ ಅಮೆರಿಕಕ್ಕೆ ಕಳುಹಿಸಿದರು. ಆಗ ‘ಜಪಾನ್ ಮಾಲು’ ಎಂದರೆ ಅಗ್ಗದ್ದು ಎಂದೇ ಅರ್ಥ. ಈಗ ಅದೇ ಹೆಸರಿಗಾಗಿ ನೀವು ದುಬೈ ದಾರಿ ಕಾಯುತ್ತಿದ್ದೀರಿ! ಜಪಾನಿನದೇ ಕಂಪನಿ ಜಾನೋಮ್ 1969ರಿಂದಲೇ ತೈವಾನಿನಲ್ಲಿ ಕಾರ್ಖಾನೆ ನಡೆಸುತ್ತಿದೆ. ಸ್ವಿಟ್ಜರ್ಲೆಂಡಿನ ಬರ್ನೀನಾ ಕೂಡ ಥೈಲ್ಯಾಂಡಿನಲ್ಲಿ ಯಂತ್ರ ಮಾಡಿಸುತ್ತದೆ. ಒಂದೇ ಕಾರ್ಖಾನೆಯಿಂದ ಎತ್ತಿದರೆ ಹಗುರ ಎನಿಸುವ ಅಗ್ಗದ ಯಂತ್ರವೂ ಹೊರಬರುತ್ತದೆ, ಜೀವಮಾನ ಬಾಳುವುದೂ ಬರುತ್ತದೆ. ದೇಶ ಕೇಳಬೇಡಿ, ಮಾದರಿ ಕೇಳಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಬಟ್ಟೆ ಒಯ್ಯಿರಿ: ಜೀನ್ಸಿನ ಮಡಿಕೆ ಒಂದು, ತೆಳು ಮಲ್ ಒಂದು. ಕೈಚಕ್ರ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಕಚ್ಚಿದರೆ ಬೇಡ. ಒಳಗಿನ ಚೌಕಟ್ಟು ಲೋಹದ್ದೇ, ಗಿಯರ್ ನೈಲಾನಿನದೇ ಎಂದು ಕೇಳಿ. ನೈಲಾನ್ ಕೆಟ್ಟದ್ದೇ ಎನ್ನುವುದಿಲ್ಲ, ಸದ್ದು ಕಡಿಮೆ. ಆದರೆ ಅದು ಬಿರುಕು ಬಿಟ್ಟ ದಿನ ಬಿಡಿಭಾಗ ಇಲ್ಲಿ ಸಿಗಬೇಕು. ಹೊರಗಿನಿಂದ ತರಿಸಿದ ಒಂದು ಯಂತ್ರ ನನ್ನ ಕಣ್ಣೆದುರೇ ಹೀಗೆ ಸತ್ತಿತು. ಒಂದು ಸಣ್ಣ ಗಿಯರ್‌ಗಾಗಿ ಎಂಟು ತಿಂಗಳು ಕಾದೆ, ಬರಲೇ ಇಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಲುಧಿಯಾನದ ಯಂತ್ರ ಬಂದಾಗ ಒರಟಾಗಿತ್ತು. ಕೆಳದಾರ ಸುತ್ತಿಸುವ ಭಾಗ, ಶಟಲ್, ಅದನ್ನು ಮಾತ್ರ ಬದಲಾಯಿಸಿದೆ, ಆಮೇಲೆ ಹೊಲಿಗೆ ಮುತ್ತಿನಂತೆ ಬಿತ್ತು.

ಉತ್ತರ (ಮಲ್ಪೆಯಿಂದ):
ಮೇಲಿನವರು ಹೇಳಿದ್ದು ಸರಿ, ಆದರೆ ನಮ್ಮ ಕರಾವಳಿಯನ್ನು ಮರೆತರು. ಉಪ್ಪುಗಾಳಿಗೆ ಯಾವ ದೇಶದ ಉಕ್ಕೂ ತುಕ್ಕು ಹಿಡಿಯುತ್ತದೆ. ಜೂನ್ ಬರುವ ಮೊದಲೇ ಬಾಬಿನ್ ಕೇಸ್ (ಕೆಳದಾರದ ಉರುಳೆ ಕೂರುವ ಡಬ್ಬಿ) ತೆಗೆದು ಒರೆಸಿ. ಯಂತ್ರದ ಎಣ್ಣೆಯನ್ನೇ ಹಾಕಿ. ತೆಂಗಿನೆಣ್ಣೆ ಹಾಕಿದರೆ ಅಂಟುಗಟ್ಟಿ ಚಕ್ರವೇ ನಿಲ್ಲುತ್ತದೆ. ಇನ್ನೊಂದು: ಜಪಾನಿನ ಒಳಮಾರುಕಟ್ಟೆಯ ಯಂತ್ರ 100 ವೋಲ್ಟಿನದು, ಇಲ್ಲಿಯ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಭಾವನವರಿಗೆ ಹೇಳಿ, ವೋಲ್ಟ್ ಓದಿಯೇ ಕೊಳ್ಳಲಿ.

ಪ್ರಶ್ನೆ ಕೇಳಿದವರು:
ಅಜ್ಜಿಯ ಯಂತ್ರದ ಧೂಳು ಒರೆಸಿ ನೋಡಿದೆ, ವೈಯಿಂದಲೇ ಶುರು. ಅದನ್ನು ಮಾರುವುದಿಲ್ಲ. ಶನಿವಾರ ಜೀನ್ಸಿನ ತುಂಡು ಹಿಡಿದು ಉಡುಪಿಗೆ ಹೋಗುತ್ತೇನೆ. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನೇ ಮೊದಲು ಕೇಳುತ್ತೇನೆ.