ಸಹಾಯ ಬೇಕು: ಕ್ಲಬ್ ದಿವಾಳಿ, ತಮ್ಮನ ಸಂಬಳ ಬಾಕಿ

ನಮಸ್ಕಾರ. ನನ್ನ ತಮ್ಮ ಫುಟ್‌ಬಾಲ್ ಆಟಗಾರ, ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಆಡಿ ಬೆಳೆದ ಹುಡುಗ. ಹೊರರಾಜ್ಯದ ಕ್ಲಬ್ಬೊಂದು ಐದು ತಿಂಗಳಿಂದ ಅವನಿಗೆ ಸಂಬಳ ಕೊಟ್ಟಿಲ್ಲ. "ಮುಂದಿನ ವಾರ ಗ್ಯಾರಂಟಿ" ಅಂತ ವಾಟ್ಸಾಪ್ ಮಾತ್ರ ಬರುತ್ತಿತ್ತು. ಕೊನೆಗೆ ಮೆಸ್‌ನವರೂ ಊಟ ನಿಲ್ಲಿಸಿದರು. ಹುಡುಗರು ರೂಮಿನಲ್ಲೇ ಮೊಟ್ಟೆ ಬೇಯಿಸಿಕೊಂಡು ಪ್ರಾಕ್ಟೀಸ್‌ಗೆ ಹೋಗುತ್ತಿದ್ದರು.

ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನದ ಗಡುವು ಕೊಟ್ಟು ಒಪ್ಪಂದ ಮುರಿಯಬಹುದು ಅಂತ ಫಿಫಾ ನಿಯಮ ಇದೆ. ಹಾಗೇ ಮಾಡಿ ಹೊರಬಂದ. ಎಐಎಫ್‌ಎಫ್‌ಗೂ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ದೂರು ಕೊಟ್ಟಾಯಿತು. ಅಷ್ಟರಲ್ಲಿ ಕ್ಲಬ್ ನಡೆಸುವ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋಯಿತು! ಇಂಗ್ಲೆಂಡಿನ ಲೀಗ್ ನಿಯಮದಲ್ಲಿ ಕ್ಲಬ್ ದಿವಾಳಿಯಾದರೂ ಆಟಗಾರರ ಬಾಕಿ ಪೂರ್ತಿ ತೀರಿಸಬೇಕು. 2010ರಲ್ಲಿ ಪೋರ್ಟ್ಸ್‌ಮತ್ ಕ್ಲಬ್ ಸಾಲದಲ್ಲಿ ಮುಳುಗಿದಾಗ, ಆಟಗಾರರಿಗೆ ಮಾತ್ರ ಪೂರ್ತಿ ಯಾಕೆ ಅಂತ ಅಲ್ಲಿನ ತೆರಿಗೆ ಇಲಾಖೆ ತಕರಾರು ತೆಗೆದಿತ್ತು. ನಮ್ಮ 2016ರ ದಿವಾಳಿ ಕಾಯ್ದೆಯಲ್ಲಿ ಆಟಗಾರರಿಗೆ ಅಂತ ಪ್ರತ್ಯೇಕ ನಿಯಮವೇ ಇಲ್ಲ.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ದಿವಾಳಿ ಪ್ರಕ್ರಿಯೆಯಲ್ಲಿ ಬಾಕಿ ಕೇಳಲು ನೌಕರರಿಗೆ ಫಾರಂ ಡಿ, ಸರಕು-ಸೇವೆ ಕೊಟ್ಟವರಿಗೆ ಫಾರಂ ಬಿ. ತಮ್ಮನ ಒಪ್ಪಂದದಲ್ಲಿ "ಉದ್ಯೋಗಿ" ಅಂತಿದೆ. ಆದರೆ ಟಿಡಿಎಸ್ ಕಟ್ ಆಗಿರೋದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಅಡಿ, ಅಂದರೆ ಸಂಬಳ ಅಂತಲ್ಲ, ವೃತ್ತಿಪರ ಶುಲ್ಕ ಅಂತ. ಆಡಿಟರ್ ಬಿ ಅಂತಾರೆ, ವಕೀಲರು ಡಿ ಅಂತಾರೆ. ಇಬ್ಬರೂ ಫೀಸ್ ಮಾತ್ರ ತಪ್ಪದೆ ತಗೊಂಡರು.

ಇಂಥ ಕೇಸ್ ನೋಡಿದವರು ಯಾರಾದರೂ ಇದ್ದೀರಾ? ಯಾವ ಫಾರಂ ಹಾಕಬೇಕು, ಜೊತೆಗೆ ಯಾವ ದಾಖಲೆ ಇಡಬೇಕು?