ಇಂಗ್ಲೆಂಡಿನ ಹಳ್ಳಿ ಚರ್ಚಿನ ಗೋಡೆಯೊಳಗೆ ಎಲ್ಲಿಗೂ ಹೋಗದ ಮೆಟ್ಟಿಲು, ಯಾಕೆ?

ಮಡಿಕೇರಿ ಅಜ್ಜಿ:
ಎಲ್ಲರಿಗೂ ನಮಸ್ಕಾರ. ಮಗಳು ಸಫೋಕ್‌ನಲ್ಲಿ ನರ್ಸ್. ಅವಳ ಬಾಣಂತನಕ್ಕೆ ಅಂತ ಮೂರು ತಿಂಗಳು ಅಲ್ಲಿದ್ದೆ. ಮೊಮ್ಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ದಿನಾ ಬೆಳಿಗ್ಗೆ ಊರಿನ ಹಳೇ ಚರ್ಚಿಗೆ ಹೋಗಿ ಕೂರುತ್ತಿದ್ದೆ.

ಅದಕ್ಕೂ ಮೊದಲು ನಾನು ನೋಡಿದ್ದ ಇಂಗ್ಲಿಷರ ಚರ್ಚ್ ಅಂದ್ರೆ ನಮ್ಮ ಕೋಟೆಯೊಳಗಿನದು ಮಾತ್ರ, ಈಗ ಮ್ಯೂಸಿಯಂ ಆಗಿರುವುದು. ಅದು 1859ರದ್ದು. ನೋಡಿದರೆ ಒಂದೇ ಕೈ ಕಟ್ಟಿದ ಹಾಗಿದೆ. ಅಲ್ಲಿಯ ಚರ್ಚ್ ಹಾಗಿಲ್ಲ. ಉತ್ತರದ ಗೋಡೆಯಲ್ಲಿ ಮೇಲೆ ದುಂಡಗಿರುವ ಪುಟ್ಟ ಕಿಟಕಿ. ಎದುರು ಗೋಡೆಯಲ್ಲಿ ಆಳೆತ್ತರದ ಚೂಪು ಕಮಾನಿನ ಕಿಟಕಿಗಳು. ಹೊರಗೆ ನಿಂತು ನೋಡಿದರೆ ಗೋಪುರದ ಮೇಲೆ, ಈಗಿನ ಮಾಡಿಗಿಂತ ಎತ್ತರದಲ್ಲಿ, ಕಡಿದಾದ ಇನ್ನೊಂದು ಮಾಡಿನ ಗೆರೆ.

ಆದರೆ ಮನಸ್ಸಿನಲ್ಲಿ ಉಳಿದದ್ದು ಮೆಟ್ಟಿಲು. ಬಲಿಪೀಠದ ಕಡೆ ಹೋಗುವ ದೊಡ್ಡ ಕಮಾನಿನ ಪಕ್ಕ, ಗೋಡೆಯ ಒಳಗೇ ಒಂಬತ್ತು ಮೆಟ್ಟಿಲಿವೆ. ಎಣಿಸಿದ್ದೇನೆ. ನಡುವೆ ಚೆನ್ನಾಗಿ ಸವೆದಿವೆ. ಮೇಲೊಂದು ಸಣ್ಣ ಬಾಗಿಲು, ಅದರಾಚೆ ಏನೂ ಇಲ್ಲ, ಬರೀ ಗಾಳಿ. ಕಲ್ಲು ಅಷ್ಟು ಸವೆಯಬೇಕಾದರೆ ಎಷ್ಟೋ ಜನ ಹತ್ತಿರಬೇಕು ಅಲ್ವಾ? ಎಲ್ಲಿಗೆ ಹೋಗುತ್ತಿದ್ದರು?

ವಿರಾಜಪೇಟೆ ಕಲ್ಲುಕೆಲಸ:
ಅಕ್ಕ, ಅದು ಅಟ್ಟದ ಮೆಟ್ಟಿಲು. ಆ ಕಮಾನಿಗೆ ಅಡ್ಡಲಾಗಿ ಕೆತ್ತನೆಯ ಮರದ ತಡೆ ಇರುತ್ತಿತ್ತು. ರೂಡ್ ಸ್ಕ್ರೀನ್ ಅಂತಾರೆ. ಈಚೆ ಊರ ಜನ, ಆಚೆ ಪಾದ್ರಿ. ತಡೆಯ ಮೇಲೆ ಅಟ್ಟ. ಅದಕ್ಕೂ ಮೇಲೆ ದೊಡ್ಡ ಶಿಲುಬೆ, ಎರಡು ಪಕ್ಕದಲ್ಲಿ ಮೇರಿ ಮಾತೆ ಮತ್ತು ಸಂತ ಯೋಹಾನ. ಮೇಣದ ಬತ್ತಿ ಹಚ್ಚೋಕೆ, ಉಪವಾಸ ಕಾಲದಲ್ಲಿ ಮೂರ್ತಿಗಳಿಗೆ ಬಟ್ಟೆ ಮುಚ್ಚೋಕೆ ಅಲ್ಲಿಗೆ ಹತ್ತುತ್ತಿದ್ದರು.

1534ರಲ್ಲಿ ಇಂಗ್ಲೆಂಡಿನ ರಾಜ 8ನೇ ಹೆನ್ರಿ ಪೋಪ್ ಜೊತೆ ಸಂಬಂಧ ಕಡಿದುಕೊಂಡ. ಅವನ ಮಗ 6ನೇ ಎಡ್ವರ್ಡ್ ಕಾಲದಲ್ಲಿ (1547–53) ಮೂರ್ತಿಪೂಜೆ ತಪ್ಪು ಅಂತ ಮೂರ್ತಿಗಳನ್ನು ಕಿತ್ತರು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರು. ಅವನ ನಂತರ ಪೋಪ್ ಕಡೆಯವಳಾದ ಮೇರಿ ರಾಣಿ ಬಂದು ಮತ್ತೆ ಹಾಕಿಸಿದಳು. ಕೊನೆಗೆ 1561ರಲ್ಲಿ 1ನೇ ಎಲಿಜಬೆತ್, ತಡೆ ಇರಲಿ, ಅಟ್ಟ ಇಳಿಸಿ ಅಂತ ಆಜ್ಞೆ ಮಾಡಿದಳು. ಮರ ಹೋಯಿತು. ಗೋಡೆಯೊಳಗೆ ಕೂತಿದ್ದ ಕಲ್ಲು ಉಳಿಯಿತು.

ದುಂಡು ಕಿಟಕಿ, ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದ್ದಿರಬೇಕು, ಸುಮಾರು 12ನೇ ಶತಮಾನ. ಚೂಪು ಕಮಾನು ಆಮೇಲಿನದು. ಗೋಪುರದ ಗೆರೆ ಹಳೇ ಹುಲ್ಲಿನ ಮಾಡಿನ ಗುರುತು. ನೀರು ಬೇಗ ಇಳಿಯಲಿ ಅಂತ ಅದು ಕಡಿದಾಗಿರುತ್ತೆ, ನಮ್ಮೂರಿನವರಿಗೆ ಹೇಳಬೇಕಾ! ಮುಂದೆ ಸೀಸದ ತಗಡು ಬಂತು. ಸೀಸ ತುಂಬಾ ಭಾರ, ಕಡಿದಾದ ಮಾಡಿನ ಮೇಲೆ ನಿಧಾನಕ್ಕೆ ಕೆಳಗೆ ಜಾರುತ್ತೆ. ಅದಕ್ಕೇ ಮಾಡಿನ ಇಳಿಜಾರು ಕಡಿಮೆ ಮಾಡಿದರು.

ಪೊನ್ನಂಪೇಟೆಯವ:
ಪೀಠದ ಕಡೆಯ ಭಾಗದ ರಿಪೇರಿ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತಗೊಳ್ಳುತ್ತಿದ್ದ ಪಾದ್ರಿಯ ಹೊಣೆಯಾಗಿತ್ತು. ಜನ ನಿಲ್ಲುವ ಭಾಗ ಊರವರದ್ದಾಗಿತ್ತು. ಒಂದೇ ಚರ್ಚಿನ ಎರಡು ಭಾಗ ಬೇರೆ ಬೇರೆ ಕಾಲದ್ದಾಗಿ ಕಾಣೋಕೆ ಇದೂ ಒಂದು ಕಾರಣ.

ಅಕ್ಕ, ಸಫೋಕ್‌ನಲ್ಲೇ ವೆನ್‌ಹ್ಯಾಸ್ಟನ್ ಅಂತ ಹಳ್ಳಿ ಇದೆ. 1892ರಲ್ಲಿ ಅಲ್ಲಿಯ ಚರ್ಚ್ ರಿಪೇರಿ ಮಾಡುವಾಗ, ಕಮಾನಿನಲ್ಲಿದ್ದ ಸುಣ್ಣ ಬಳಿದ ಹಲಗೆಗಳನ್ನು ಕಿತ್ತು ಅಂಗಳಕ್ಕೆ ಹಾಕಿದರು. ರಾತ್ರಿ ಮಳೆ ಬಂತು, ಸುಣ್ಣ ತೊಳೆದು ಹೋಯಿತು. ನೋಡಿದರೆ ಅಡಿಯಲ್ಲಿ ಕೊನೆಯ ತೀರ್ಪಿನ ದಿನದ ಚಿತ್ರ! ಸತ್ತವರು ಏಳುತ್ತಿದ್ದಾರೆ, ದೇವದೂತ ಆತ್ಮಗಳನ್ನು ತೂಗುತ್ತಿದ್ದಾನೆ. ನಡುವೆ ಶಿಲುಬೆಯ ಆಕಾರದಲ್ಲಿ, ಪಕ್ಕದಲ್ಲಿ ಇಬ್ಬರು ನಿಂತ ಆಕಾರದಲ್ಲಿ ಬಣ್ಣವೇ ಇಲ್ಲ. ಮೂರ್ತಿಗಳು ನಿಂತಿದ್ದ ಜಾಗ ಅದು. ನಿಮ್ಮ ಮೆಟ್ಟಿಲು ಹತ್ತಿದರೆ ಅಂಥ ಮೂರ್ತಿಗಳ ಹತ್ತಿರವೇ ಹೋಗಿ ನಿಲ್ಲುತ್ತಿದ್ದರು.

ಮಡಿಕೇರಿ ಅಜ್ಜಿ:
ಓದುತ್ತಾ ಕಣ್ಣು ತುಂಬಿತು. ನಮ್ಮ ಐನ್‌ಮನೆಯ (ಕುಟುಂಬದ ಹಳೇ ಮೂಲಮನೆ) ಕೆತ್ತನೆ ಕಂಬಗಳಿಗೆ ಒಬ್ಬ ಮೇಸ್ತ್ರಿ ನಮ್ಮನ್ನು ಕೇಳದೆ ದಪ್ಪಗೆ ಆಯಿಲ್ ಪೇಂಟ್ ಬಳಿದಿದ್ದ. ಆ ಸಂಕಟ ಇನ್ನೂ ಹೋಗಿಲ್ಲ. ನಮ್ಮ ಮಳೆಗೆ ಅದು ತೊಳೆದು ಹೋಗೋದಲ್ಲ.

ಮಗಳಿಗೆ ಈಗ ತಾನೇ ಫೋನ್ ಮಾಡಿದೆ. ಭಾನುವಾರ ವೆನ್‌ಹ್ಯಾಸ್ಟನ್‌ಗೆ ಹೋಗ್ತಾಳಂತೆ. ಬಣ್ಣ ಇಲ್ಲದ ಆ ಮೂರು ಜಾಗದ ಫೋಟೋ ಮೊದಲು ಕಳಿಸು ಅಂದಿದ್ದೇನೆ.