ಟೆನ್ ಕಾಟೆ ಹೋಂಡಾ ಬಿಟ್ಟಿದ್ದೋ, ಹೋಂಡಾ ಟೆನ್ ಕಾಟೆ ಬಿಟ್ಟಿದ್ದೋ?

ಚಿಕೇನ್: ಜೊನಾಥನ್ ರೇ ಕವಾಸಾಕಿ ಮೇಲೆ ಗೆಲ್ಲೋಕೆ ಶುರು ಮಾಡಿದ ಮೇಲೆ ವರ್ಲ್ಡ್ ಸೂಪರ್‌ಬೈಕ್ (ಬೈಕ್ ರೇಸ್‌ನ ವಿಶ್ವ ಚಾಂಪಿಯನ್‌ಶಿಪ್) ನೋಡ್ತಿರೋನು ನಾನು. ಅದಕ್ಕೂ ಮುಂಚೆ ಆತ ಡಚ್ಚರ ಟೆನ್ ಕಾಟೆ ಅನ್ನೋ ತಂಡದಲ್ಲಿ, ಹೋಂಡಾ ಬೈಕ್ ಮೇಲೆ ಆರು ಸೀಸನ್ ಓಡಿಸಿದ್ದಾನೆ, ಒಂದೂ ಕಿರೀಟ ಇಲ್ಲ. ತಂಡವೇ ಅಷ್ಟಕ್ಕಷ್ಟೇನಾ? ಆಮೇಲೆ ಅವರು ಯಮಾಹಾಗೆ ಹೋಗಿದ್ದು ಯಾಕೆ?

ಹಳೇ ಸ್ಲಿಕ್ಸ್: ಅಷ್ಟಕ್ಕಷ್ಟೇನಾ? ಹೋಂಡಾಗೆ ಕೊನೇ ಸೂಪರ್‌ಬೈಕ್ ಕಿರೀಟ ತಂದುಕೊಟ್ಟಿದ್ದೇ ಇವರು, 2007ರಲ್ಲಿ. ಜೇಮ್ಸ್ ಟೋಸ್‌ಲ್ಯಾಂಡ್ 415 ಅಂಕ, ಯಮಾಹಾದ ನೊರಿಯುಕಿ ಹಾಗಾ 413. ಫ್ರಾನ್ಸ್‌ನ ಮ್ಯಾನಿ-ಕೂರ್‌ನ ಕೊನೇ ರೌಂಡ್‌ವರೆಗೂ ಎಳೆದಾಟ.

ಆದ್ರೆ ಇವರ ನಿಜವಾದ ಮನೆ ಸೂಪರ್‌ಸ್ಪೋರ್ಟ್, ಅಂದ್ರೆ ಸೂಪರ್‌ಬೈಕ್ ಜೊತೆಗೇ ನಡೆಯೋ ಚಿಕ್ಕ ಬೈಕ್‌ಗಳ ಕ್ಲಾಸ್. ನೆದರ್‌ಲ್ಯಾಂಡ್ಸ್‌ನ ನ್ಯೂಲ್ಯೂಸೆನ್ ಅನ್ನೋ ಹಳ್ಳಿಯ ತಂಡ, 2002ರಿಂದ 2008ರವರೆಗೆ ಏಳಕ್ಕೆ ಏಳೂ ವರ್ಷ ಆ ಚಾಂಪಿಯನ್‌ಶಿಪ್ ಹೊತ್ಕೊಂಡು ಹೋಯ್ತು. ಫಾಬಿಯನ್ ಫೊರೆ, ಕ್ರಿಸ್ ವರ್ಮ್ಯೂಲೆನ್, ಕಾರ್ಲ್ ಮಗರಿಡ್ಜ್, ಎರಡು ಸಲ ಶಾರ್ಪಾಂತಿಯೇ, ಕೆನಾನ್ ಸೊಫುವೊಗ್ಲು, ಆಂಡ್ರ್ಯೂ ಪಿಟ್. ಸವಾರರು ಬದಲಾಗ್ತಾನೇ ಇದ್ರು, ಗೆಲುವು ಮಾತ್ರ ನಿಲ್ಲಲಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ತಂಡಕ್ಕೆ ಇನ್ನೇನು ಬೇಕು?

ರೇ ವಿಷಯ. 2009ರಿಂದ 2014ರವರೆಗೆ ಹೋಂಡಾ ಮೇಲೆ 15 ಗೆಲುವು. 2015ರಲ್ಲಿ ಕವಾಸಾಕಿ ಹತ್ತಿದ, ಒಂದೇ ವರ್ಷಕ್ಕೆ 14. ಇದನ್ನ ನೋಡಿ ಜನ ಟೆನ್ ಕಾಟೆನ ಬೈತಾರೆ, ನನಗೆ ಒಪ್ಪಿಗೆ ಇಲ್ಲ. ಸೂಪರ್‌ಬೈಕ್ ಅಂದ್ರೆ ಶೋರೂಮ್ ಬೈಕ್‌ನ ಬುಡದ ಮೇಲೇ ಕಟ್ಟಬೇಕು. ಹೋಂಡಾದ ಫೈರ್‌ಬ್ಲೇಡ್ ಬೈಕ್ ಹಳೇದಾಗ್ತಾ ಬಂತು, ಎದುರಾಳಿಗಳು ಹೊಸ ಬೈಕ್ ತಂದ್ರು. ಬೆನ್ನಿಗಿದ್ದಿದ್ದು ಹೋಂಡಾದ ಯುರೋಪ್ ವಿಭಾಗ. ಜಪಾನ್‌ನ ಎಚ್‌ಆರ್‌ಸಿ, ಅಂದ್ರೆ ಹೋಂಡಾದ್ದೇ ರೇಸಿಂಗ್ ಕಂಪನಿ, ನೇರವಾಗಿ ಇಳಿದಿದ್ದು 2020ರಲ್ಲಿ, ಇವರು ಹೋದ ಮೇಲೆ! ಅಂಥಾ ಬೈಕ್‌ನಲ್ಲೂ 2010ರಲ್ಲಿ ಆಸೆನ್‌ನಲ್ಲಿ, ಡಚ್ಚರ ಅಂಗಳದಲ್ಲೇ, ರೇ ಎರಡೂ ರೇಸ್ ಗೆದ್ದ. 2014ರಲ್ಲಿ ಇಮೋಲಾದಲ್ಲೂ ಎರಡೂ.

ಇನ್ನು ಯಾರು ಯಾರನ್ನ ಬಿಟ್ರು ಅಂದ್ರೆ, ಹೋಂಡಾನೇ ಬಿಟ್ಟಿದ್ದು. 2018ರ ಸೀಸನ್ ಮುಗೀತಿದ್ದ ಹಾಗೆ, ಮುಂದಿನ ವರ್ಷಕ್ಕೆ ಹೋಂಡಾ ಬೈಕ್ ಮೊರಿವಾಕಿ ಮತ್ತು ಆಲ್ಥಿಯಾ ಅನ್ನೋ ಬೇರೆ ತಂಡಗಳಿಗೆ ಅಂತಾಯ್ತು. ಆ ಹೊತ್ತಿಗೆ ಬೇರೆ ಕಂಪನಿ ಹುಡುಕೋದು ಎಷ್ಟು ಕಷ್ಟ ಯೋಚಿಸಿ. 2019ರ ಮೊದಲ ರೌಂಡ್‌ಗಳಲ್ಲಿ ಇವರು ಇರಲೇ ಇಲ್ಲ. ಜೂನ್‌ನಲ್ಲಿ ಸ್ಪೇನ್‌ನ ಹೆರೆಸ್‌ಗೆ ಯಮಾಹಾ ಆರ್1 ಬೈಕ್, ಸವಾರ ಲೊರಿಸ್ ಬಾಜ್ ಜೊತೆ ಬಂದ್ರು.

ಪಿಟ್‌ಬೋರ್ಡ್: ನಿಕಿ ಹೇಡನ್‌ನ ಮರೆತ್ರಲ್ಲ! 2006ರ ಮೋಟೊಜಿಪಿ ಚಾಂಪಿಯನ್. 2016ರಲ್ಲಿ ಇದೇ ತಂಡಕ್ಕೆ ಸೆಪಾಂಗ್‌ನ ಮಳೆಯಲ್ಲಿ ಗೆದ್ದುಕೊಟ್ಟ. ಮರುವರ್ಷ ಮೇನಲ್ಲಿ ಸೈಕಲ್ ತುಳೀವಾಗ ಕಾರ್ ಡಿಕ್ಕಿಯಾಗಿ ತೀರಿಹೋದ.

ಚಿಕೇನ್: ಸರಿ, ರೇ ಬಗ್ಗೆ ಒಪ್ಪಿದೆ. ಯಮಾಹಾಗೆ ಹೋದ ಮೇಲೆ ಏನಾದ್ರೂ ಗೆದ್ರಾ?

ಹಳೇ ಸ್ಲಿಕ್ಸ್: ಗೆದ್ರು, ಮತ್ತೆ ಸೂಪರ್‌ಸ್ಪೋರ್ಟ್‌ನಲ್ಲೇ. ಡೊಮಿನಿಕ್ ಎಗರ್ಟರ್, ಯಮಾಹಾ ಆರ್6 ಮೇಲೆ, 2021 ಮತ್ತು 2022. ಆ ಕ್ಲಾಸ್‌ನಲ್ಲಿ ಹೋಂಡಾಗೆ ಕೊನೇ ಕಿರೀಟ ಬಂದಿದ್ದು 2014ರಲ್ಲಿ, ಮೈಕಲ್ ಫಾನ್ ಡೆರ್ ಮಾರ್ಕ್ ಗೆದ್ದಾಗ. ಅದೂ ಯಾವ ತಂಡ ಅಂತ ನಾನು ಹೇಳಬೇಕಾ?